ಹೊಸಪೇಟೆಯಿಂದ ವಿಜಯಪುರಕ್ಕೆ ಗುಂಪಾಗಿ ಸೈಕಲ್: ವ್ಯಾನ್ ಬೇಕಾ, ಬೇಡವಾ? ಹೋಗಿ ಬಂದವರು ಹೇಳಿ

ರಾಜಾಜಿನಗರದ ಹೊಸಬ:
ನಾವು ಎಂಟು ಜನ, ಎಲ್ಲರೂ ಬೆಂಗಳೂರಿನವರು. ಜನವರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ಸಲ್ಲಿ ಹೊಸಪೇಟೆಗೆ ಹೋಗಿ, ಅಲ್ಲಿಂದ ಗಂಗಾವತಿ, ಕಾರಟಗಿ, ಸಿಂಧನೂರು, ಮಸ್ಕಿ, ಲಿಂಗಸುಗೂರು ಮೇಲೆ ವಿಜಯಪುರ ಸೇರಬೇಕು ಅಂತ ಆಸೆ. ಎಲ್ಲರದೂ ಹೈಬ್ರಿಡ್ ಸೈಕಲ್. ದಿನಕ್ಕೆ 80 ಕಿ.ಮೀ. ಸಾಕು. ಜೊತೆಗೆ ನಮ್ಮ ಚಿಕ್ಕಪ್ಪ ಬರ್ತಾರೆ, 58 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ತಗೋತಾರೆ. ದಾರಿಯೆಲ್ಲ ಗದ್ದೆ ಬಯಲು, ಏರೇ ಇಲ್ಲ, ಅವರಿಗೂ ಕಷ್ಟ ಆಗಲ್ಲ ಅನ್ನಿಸುತ್ತೆ. ಲಗೇಜಿಗೆ ವ್ಯಾನ್ ಮಾಡೋದಾ, ಚಕ್ರದ ಪಕ್ಕ ನೇತುಹಾಕೋ ಬ್ಯಾಗು, ಪ್ಯಾನಿಯರ್ ಹಾಕಿ ನಾವೇ ಹೊರೋದಾ?

ಪದ್ಮನಾಭನಗರ:
ವ್ಯಾನ್ ಲೆಕ್ಕ ನನ್ನ ಹತ್ರ ಕೇಳಿ. ಟಿ.ಟಿ. (ಟೆಂಪೋ ಟ್ರಾವೆಲರ್) ಯವನು ಕಿ.ಮೀ.ಗೆ 22 ರೂಪಾಯಿ ಅಂದ. ಕಡಿಮೆ ಅನ್ನಿಸುತ್ತೆ ಅಲ್ವಾ? ಆದರೆ ದಿನಕ್ಕೆ ಕನಿಷ್ಠ 300 ಕಿ.ಮೀ. ಲೆಕ್ಕ. ಸೈಕಲ್ ಹಿಂದೆ ಬರೋ ಗಾಡಿ ಓಡೋದು 90. ಅಂದರೆ ದಿನಕ್ಕೆ 6600, ಡ್ರೈವರ್ ಬಾಟಾ 600, ಅವರ ರೂಮು 700. ಒಟ್ಟು 7900. ಓಡಿದ 90ಕ್ಕೆ ಭಾಗಿಸಿ ನೋಡಿ, ಕಿ.ಮೀ.ಗೆ 87 ರೂಪಾಯಿ ದಾಟುತ್ತೆ. ನಾವು ಸೈಕಲ್ ಬಿಚ್ಚಿ ಬಸ್ಸಿಗೆ ಹಾಕಿಕೊಂಡು ವಾಪಸ್ ಬಂದರೂ, ಖಾಲಿ ಗಾಡಿ ಬೆಂಗಳೂರಿಗೆ ಬರೋ ಕಿ.ಮೀ. ಕೂಡ ನಮ್ಮ ತಲೆಗೇ.

ಇಷ್ಟೇ ಅಲ್ಲ. ಚಾವಣಿ ಮೇಲೆ ಸೈಕಲ್ ಕಟ್ಟಿದ್ದು ಕ್ಲೀನರ್. ಹಗ್ಗ ಸಡಿಲ ಆಗಿ ಒಂದು ಸೈಕಲ್ಲಿನ ಡಿರೇಲರ್ ಹ್ಯಾಂಗರ್, ಅಂದರೆ ಹಿಂದಿನ ಗೇರ್ ಬದಲಿಸೋ ಭಾಗವನ್ನ ಫ್ರೇಮಿಗೆ ಹಿಡಿಸೋ ತುಂಡು, ಬಾಗಿತು. ಅಂಗೈ ಅಗಲಕ್ಕಿಂತ ಚಿಕ್ಕ ಅಲ್ಯೂಮಿನಿಯಂ ತುಂಡು, 900 ರೂಪಾಯಿ. ಸಿಂಧನೂರಲ್ಲಿ ಇಲ್ಲ, ರಾಯಚೂರಿಗೆ ಫೋನ್ ಮಾಡಿದರೆ ಅಲ್ಲೂ ಇಲ್ಲ. ಒಂದೊಂದು ಫ್ರೇಮಿಗೆ ಒಂದೊಂದು ಅಳತೆ. ಬೆಂಗಳೂರಿಂದ ಬಸ್ ಪಾರ್ಸೆಲ್ಲಲ್ಲಿ ಬರೋವರೆಗೆ ಆ ಹುಡುಗ ವ್ಯಾನಲ್ಲೇ ಕೂತ.

ಆದರೂ ಕೇಳಿ, ಮಾನ್ವಿ ಹತ್ರ ನಮ್ಮವರೊಬ್ಬರಿಗೆ ವಾಂತಿ ಭೇದಿ ಶುರುವಾದಾಗ ಗಾಡಿ ಇತ್ತು ಅಂತಲೇ ಬೇಗ ಆಸ್ಪತ್ರೆ ಸೇರಿಸೋಕಾಯ್ತು. ದುಡ್ಡು ಹೋಯ್ತು, ಹೋಗಲಿ. ನಾಳೆ ಹೊರಟರೂ ವ್ಯಾನ್ ಮಾಡ್ತೀನಿ.

ಬನಶಂಕರಿ ಬ್ರೆವೆ:
ವ್ಯಾನ್ ಹಿಂದೆ ಇಟ್ಟುಕೊಂಡು ಓಡಿಸೋದು ಪ್ರವಾಸವೇ ಅಲ್ಲ. ಬ್ರೆವೆ ಅನ್ನೋ ಸಮಯಮಿತಿಯ ದೂರದ ಸವಾರಿಗಳಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಕಂಟ್ರೋಲ್ (ದಾರಿಯ ತಪಾಸಣಾ ಜಾಗ) ಬಿಟ್ಟು ಬೇರೆಲ್ಲೂ ಬೆಂಬಲದ ಗಾಡಿ ಸವಾರನಿಗೆ ಸಹಾಯ ಮಾಡೋ ಹಾಗಿಲ್ಲ. ಅದನ್ನೆಲ್ಲ ಮುಗಿಸಿದವನು ನಾನು. ಬಳ್ಳಾರಿ, ಸಿರುಗುಪ್ಪ, ಸಿಂಧನೂರು ದಾರಿಯನ್ನ ಬೆಂಗಳೂರಿಂದಲೇ ಪೆಡಲ್ ಮಾಡಿಕೊಂಡು ಹೋಗಿದ್ದೀನಿ. ಹಿರಿಯೂರಿಂದ ಆಚೆ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದರೆ ಆಯ್ತು, ನೇರ ದಾರಿ.

ಹಿಂದಿನ ರ್‍ಯಾಕ್ 1800 ರೂಪಾಯಿ. ಪ್ಯಾನಿಯರ್ ಜೋಡಿ 5200, ನೀರು ಹೋಗದ್ದು. ಎರಡು ಜೊತೆ ಬಟ್ಟೆ, ಎರಡು ಟ್ಯೂಬ್, ಪ್ಯಾಚ್ ಕಿಟ್, ಪಂಪ್, ಚೈನ್ ಕ್ವಿಕ್ ಲಿಂಕ್, ಒಂದು ಬಿಡಿ ಹ್ಯಾಂಗರ್. ಹ್ಯಾಂಗರ್ ನೆನಪಿರಲಿ, 900 ರೂಪಾಯಿಯದನ್ನ ಬ್ಯಾಗಲ್ಲಿಟ್ಟಿದ್ದರೆ ಮೇಲಿನವರ ಸ್ನೇಹಿತ ವ್ಯಾನಲ್ಲಿ ಕೂರಬೇಕಿರಲಿಲ್ಲ. ಎಲ್ಲ ಸೇರಿ 9 ಕೆ.ಜಿ. ಏರಿಲ್ಲದ ಕಡೆ 9 ಕೆ.ಜಿ. ಕಾಲಿಗೆ ಗೊತ್ತೇ ಆಗಲ್ಲ, ಗಾಳಿ ಮಾತ್ರ ಗೊತ್ತಾಗುತ್ತೆ. ಜನವರಿಯಲ್ಲಿ ಅಲ್ಲಿ ಪೂರ್ವ, ಈಶಾನ್ಯದ ಗಾಳಿ. ಗಂಗಾವತಿಯಿಂದ ಸಿಂಧನೂರಿಗೆ ನೀವು ಹೋಗೋದೂ ಅದೇ ದಿಕ್ಕಿಗೆ. ಬೆಳಗ್ಗೆ ಒಂಬತ್ತಾದ ಮೇಲೆ ಎದೆಗೆ ಕೈ ಇಟ್ಟು ಹಿಂದೆ ತಳ್ಳಿದ ಹಾಗಿರುತ್ತೆ. ತಗ್ಗಿಲ್ಲ, ಮರೆಯಿಲ್ಲ, ಎರಡೂ ಕಡೆ ಗದ್ದೆ. ಐದಕ್ಕೇ ಹೊರಡಿ.

ಪದ್ಮನಾಭನಗರ:
ಬಿಡಿ ಹ್ಯಾಂಗರ್ ನಮ್ಮ ಹತ್ರ ಇತ್ತು ಸ್ವಾಮಿ, ಬಾಗಿದ್ದು ಇನ್ನೊಬ್ಬರ ಸೈಕಲ್ಲಿಂದು. ಬ್ರೆವೆ ಮಾಡಿದವರಿಗೆಲ್ಲ ಒಂದೇ ರೋಗ. ಕೇಳಿದ್ದು 58 ವರ್ಷದ ಸಕ್ಕರೆ ಕಾಯಿಲೆ ಇರೋ ಮನುಷ್ಯನ ವಿಷಯ, ಹೇಳ್ತಿರೋದು 600 ಕಿ.ಮೀ. ಪದಕದ ವಿಷಯ.

ಬನಶಂಕರಿ ಬ್ರೆವೆ:
58 ಒಂದು ವಯಸ್ಸಾ? ನನ್ನ ಜೊತೆ 400 ಮುಗಿಸಿದವರಲ್ಲಿ ಅರವತ್ತು ದಾಟಿದವರಿದ್ದರು. ದಿನಕ್ಕೆ 7900 ಸುರಿದು ಕಿ.ಮೀ.ಗೆ 87 ಅಂತ ಅಳೋರು ನನಗೆ ಬುದ್ಧಿ ಹೇಳೋದು ಬೇಡ.

ಮಲ್ಲೇಶ್ವರದಿಂದ ಒಬ್ಬಳು:
ನೀವಿಬ್ಬರೂ ಒಂದು ನಿಮಿಷ ನಿಲ್ಲಿಸ್ತೀರಾ? ಏರಿಲ್ಲ ಅಂದರೆ ಸುಲಭ ಅನ್ನೋ ಮಾತನ್ನ ಯಾರೂ ತಡೀಲಿಲ್ಲ ಅಂತ ನನಗೆ ಸಿಟ್ಟು ಬಂತು. ಬೆಂಗಳೂರವರು ನಂದಿ ಬೆಟ್ಟ ಹತ್ತಿ ಇಳಿದು ತಯಾರಿ ಆಯ್ತು ಅಂದುಕೊಳ್ತಾರೆ. ಏರಲ್ಲಿ ಎದ್ದು ನಿಂತು ತುಳೀತೀವಿ, ಇಳಿಜಾರಲ್ಲಿ ಕಾಲು ಬಿಡ್ತೀವಿ. ಬಯಲಲ್ಲಿ ಎರಡೂ ಇಲ್ಲ. ಪೆಡಲ್ ನಿಲ್ಲಿಸಿದರೆ ಸೈಕಲ್ ನಿಲ್ಲುತ್ತೆ. ಗಂಟೆಗಟ್ಟಲೆ ಅದೇ ಭಂಗಿ, ಅದೇ ಮೂಳೆ ಮೇಲೆ ಭಾರ, ಅದೇ ಅಂಗೈ ಮೇಲೆ ಒತ್ತು.

ನನಗೆ ಸಿಂಧನೂರು ದಾಟಿದ ಮೇಲೆ ಎಡಗೈಯ ಕಿರುಬೆರಳು, ಉಂಗುರ ಬೆರಳು ಮರಗಟ್ಟಿದವು. ಮಸ್ಕಿಯಲ್ಲಿ ಅಶೋಕನ ಶಾಸನ ನೋಡೋಕೆ ಇಳಿದಾಗ ನೀರಿನ ಬಾಟಲಿ ಮುಚ್ಚಳ ತಿರುಗಿಸೋಕೆ ಆಗಲಿಲ್ಲ, ಪಕ್ಕದವರು ತೆಗೆದುಕೊಟ್ಟರು. 1915ರಲ್ಲಿ ಸಿಕ್ಕ ಆ ಶಾಸನದಲ್ಲಿ ‘ಅಶೋಕ’ ಅಂತ ಹೆಸರೇ ಇದೆ. ಅಷ್ಟು ದೂರ ಹೋಗಿ ನನ್ನ ಗಮನವೆಲ್ಲ ಬೆರಳಲ್ಲಿತ್ತು. ವಾಪಸ್ ಬಂದು ಫಿಸಿಯೋಗೆ ತೋರಿಸಿದೆ, ಅಂಗೈ ಬುಡದಲ್ಲಿ ಅಲ್ನಾರ್ ನರ ಒತ್ತಿಕೊಂಡಿದೆ ಅಂದ್ರು. ಒಂದು ಸಲಕ್ಕೆ 800 ರೂಪಾಯಿ, ವಾರಕ್ಕೆರಡು ಸಲ, ಪೂರ್ತಿ ಬೆರಳು ಬರೋಕೆ ಯುಗಾದಿ ಬಂತು. ಹೈಬ್ರಿಡ್ಡಿನ ನೇರ ಹ್ಯಾಂಡಲ್‌ಬಾರಲ್ಲಿ ಕೈ ಹಿಡಿಯೋಕೆ ಒಂದೇ ಜಾಗ. ಕೈ ಹಿಡಿಯೋಕೆ ಇನ್ನೊಂದು ಜಾಗ ಕೊಡೋ ಹ್ಯಾಂಡಲ್ ತುದಿಯ ಕೊಂಬು, 1200 ರೂಪಾಯಿಯ ಬಾರ್ ಎಂಡ್ ಹಾಕಿಸಿ, ಎಂಟೂ ಸೈಕಲ್ಲಿಗೆ.

ಇನ್ನೊಂದು, ಗುಂಪಲ್ಲಿ ಹೆಂಗಸರಿದ್ದರೆ. ಗದ್ದೆ ಬಯಲಲ್ಲಿ ಮರೆ ಅನ್ನೋದಿಲ್ಲ. ಪೆಟ್ರೋಲ್ ಬಂಕಿನ ಶೌಚಾಲಯ ನೋಡಿಕೊಂಡೇ ದಿನದ ಹಂತ ಹಾಕಬೇಕು. ನೀರು ಕಡಿಮೆ ಕುಡಿದರೆ ಸರಿಹೋಗುತ್ತೆ ಅಂತ ನನಗೆ ಹೇಳಿದ ಮಹಾನುಭಾವರು ನಮ್ಮ ಗುಂಪಲ್ಲೇ ಇದ್ದರು. ಆ ಬಿಸಿಲಲ್ಲಿ ನೀರು ಕಡಿಮೆ ಕುಡೀರಿ ಅನ್ನೋರನ್ನ ಗುಂಪಿಗೇ ಸೇರಿಸಬೇಡಿ.

ಕೆಂಗೇರಿ ಸ್ಟೀಲ್ ಫ್ರೇಮ್:
ಕಾಲುವೆ ಏರಿ ಮೇಲಿನ ದಾರಿ ಬಗ್ಗೆ ಯಾರೂ ಹೇಳಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕ ಗಾಡಿ ಕಾಟ ಇಲ್ಲ, ಬೆಳಗ್ಗೆ ಬೆಳ್ಳಕ್ಕಿ ಸಾಲು, ಆಸೆಯಾಗುತ್ತೆ. ಒಣಗಿದ್ದರೆ ಹೋಗಿ. ಹಿಂದಿನ ರಾತ್ರಿ ಒಂದು ಹನಿ ಬಿದ್ದಿದ್ದರೂ ಇಳೀಬೇಡಿ. ಎರೆ ಮಣ್ಣು ಒಂದು ಸುತ್ತಿಗೆ ಟೈರಿಗೆ ಹತ್ತುತ್ತೆ, ಎರಡನೇ ಸುತ್ತಿಗೆ ಮಡ್‌ಗಾರ್ಡ್ ಒಳಗೆ ತುಂಬುತ್ತೆ, ಆಮೇಲೆ ಚಕ್ರ ತಿರುಗೋದೇ ಇಲ್ಲ. ತಳ್ಳೋಕೂ ಆಗಲ್ಲ, ಎತ್ತಿಕೊಂಡೇ ನಡೀಬೇಕು, ಚಪ್ಪಲಿಗೂ ಅದೇ ಮಣ್ಣು. ಬೇವಿನ ಕಡ್ಡಿ ಮುರಿದು ಬ್ರೇಕ್ ಸಂದಿಯಿಂದ ಕೆರೆದು ಕೆರೆದು ತೆಗೆದೆ. ಐವತ್ತು ಹೆಜ್ಜೆ ಹೋದರೆ ಮತ್ತೆ ತುಂಬಿತು. ಒಣಗಿದ ಮೇಲೆ ಕಾಂಕ್ರೀಟ್. ಬೆಂಗಳೂರಿಗೆ ಬಂದು ಹ್ಯಾಂಡಲ್ ತಿರುಗೋ ಹೆಡ್‌ಸೆಟ್, ಪೆಡಲ್ ತಿರುಗೋ ಬಾಟಮ್ ಬ್ರ್ಯಾಕೆಟ್ ಎರಡೂ ಬಿಚ್ಚಿಸಿ ತೊಳೆಸಿದ್ದಕ್ಕೆ 1650, ಚೈನ್ ಹೊಸದು 1400, ಬ್ರೇಕ್ ಪ್ಯಾಡ್ 600.

ಮಡ್‌ಗಾರ್ಡ್ ಬಿಚ್ಚಿ ಹೋಗಿ. ಟೈರ್ ಅಗಲ 38 ಮಿ.ಮೀ.ಗಿಂತ ಕಡಿಮೆ ಬೇಡ. ಮತ್ತೆ ಬಳ್ಳಾರಿ ಜಾಲಿ! ರಸ್ತೆ ಅಂಚಲ್ಲಿ, ಕಾಲುವೆ ಅಂಚಲ್ಲಿ, ಎಲ್ಲೆಲ್ಲೂ. ಎರಡು ಇಂಚಿನ ಮುಳ್ಳು, ಮುರಿದು ತುದಿ ಮಾತ್ರ ಟೈರ್ ಒಳಗೆ ಉಳಿಯುತ್ತೆ, ಹೊಸ ಟ್ಯೂಬೂ ಅದಕ್ಕೇ ಬಲಿ. ಟೈರ್ ಒಳಗೆ ಬೆರಳಾಡಿಸಿ ಹುಡುಕಬೇಕು, ಬೆರಳಿಗೂ ಚುಚ್ಚುತ್ತೆ. ಟ್ಯೂಬ್‌ಲೆಸ್ ಮಾಡಿಸಿ ತೂತು ತಾನೇ ಮುಚ್ಚೋ ಸೀಲೆಂಟ್ ದ್ರವ ಹಾಕಿಸಿ.

ಬನಶಂಕರಿ ಬ್ರೆವೆ:
38 ಎಮ್ಮೆ ಸವಾರಿಗೆ ಸರಿ. 32 ಸಾಕು. ಡಾಂಬರು ಬಿಟ್ಟು ಯಾರು ಇಳಿ ಅಂದಿದ್ದು? ಸಿಂಧನೂರಿನ ಕಡೆ ನನಗೆ ತೊಂದರೆ ಕೊಟ್ಟಿದ್ದು ಮಣ್ಣಲ್ಲ, ಭತ್ತ. ರಸ್ತೆ ಅರ್ಧ ಅಗಲಕ್ಕೆ ಒಣ ಹಾಕಿ ಸುತ್ತ ಕಲ್ಲಿಟ್ಟಿರ್ತಾರೆ. ಸಂಜೆ ಬೆಳಕಲ್ಲಿ ಕಲ್ಲು ಕಾಣಲ್ಲ. ರಿಮ್ ಡೊಂಕಾಗಿ 2200 ಕೈಬಿಟ್ಟಿತು. ಸಾರ್ವಜನಿಕ ರಸ್ತೆ ಕಣ ಅಲ್ಲ, ಕೇಸ್ ಹಾಕಬೇಕು ಇವರ ಮೇಲೆ.

ಕಾರಟಗಿ ಮನಿ, ಪೀಣ್ಯ ಕೆಲಸ:
ಕೇಸ್ ಹಾಕ್ತೀರಾ? ಹಾಕ್ರಿ. ಮೊದ್ಲ ಇದನ್ನ ಓದ್ರಿ. ಮಷೀನಿನ್ಯಾಗ ಕೊಯ್ದ ಭತ್ತ ಹಸಿ ಇರ್ತೈತಿ. ಖರೀದಿ ಕೇಂದ್ರಕ್ಕ ಒಯ್ದ್ರ ತೇವ 17 ಪರ್ಸೆಂಟ್ ಮ್ಯಾಲ ಇತ್ತಂದ್ರ ವಾಪಸ್ ಕಳಸ್ತಾರ. ಹಸೀದನ್ನ ವ್ಯಾಪಾರಿಗೆ ಹಾಕಿದ್ರ 75 ಕೆ.ಜಿ. ಚೀಲದ ಮ್ಯಾಲ ಅವ ಹೇಳಿದ್ದ ರೇಟು. 2024-25ರಾಗ ಸಾದಾ ಭತ್ತಕ್ಕ ಬೆಂಬಲ ಬೆಲೆ ಕ್ವಿಂಟಲಿಗೆ 2300 ಇತ್ತು, ಅದು ಒಣಗಿದ್ದಕ್ಕ. ಒಣಗಸಾಕ ಕಣ ಎಲ್ಲೈತ್ರಿ? ಹೊಲದಾಗ ಮುಂದಿನ ಬೆಳಿಗೆ ನೀರು ನಿಂತಿರ್ತೈತಿ. ನಮ್ಮಪ್ಪ ರಾತ್ರಿಯೆಲ್ಲಾ ರಸ್ತಾದ ಬಾಜೂಕ ಟಾರ್ಚ್ ಹಿಡ್ಕೊಂಡು ಕುಂತಿರ್ತಿದ್ದ, ಗಾಡಿ ಹತ್ತಬಾರ್ದು ಅಂತ, ಮಂದಿ ಬೀಳಬಾರ್ದು ಅಂತ.

ಆಗಸ್ಟ್ 10, 2024ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಕೊಂಡು ಹೋತಲ್ಲ, ಅವತ್ತ ನಮ್ ಮನ್ಯಾಗ ಯಾರೂ ಮಲಗ್ಲಿಲ್ಲ. ನಾಟಿ ಮಾಡಿ ಕುಂತಿದ್ವಿ, ನೀರು ಹರದು ಹೋಗಾಕ್ಹತ್ತಿತ್ತು. ತಾತ್ಕಾಲಿಕ ಗೇಟ್ ಕೂಡಸೂತನ ಊಟ ಸೇರ್ಲಿಲ್ಲ. ನೀವು ಬೆಂಗಳೂರಾಗ ಉಣ್ಣೋ ಸೋನಾಮಸೂರಿ ಆ ನೀರಿನ್ಯಾಗ ಬೆಳೀತೈತ್ರಿ. ನಿಮ್ ರಿಮ್ಮಿಗೆ 2200 ಹೋತು ಅಂತೀರಿ, ನಮ್ದು ಒಂದ್ ಮಳಿ ಬಂದ್ರ ವರ್ಷದ್ದ ಹೋಗ್ತೈತಿ.

ಬನಶಂಕರಿ ಬ್ರೆವೆ:
ನಿಮ್ಮ ತಂದೆ ಬಗ್ಗೆ ನನಗೆ ಗೌರವ ಇದೆ. ಆದರೂ ಕತ್ತಲಲ್ಲಿ ಕಲ್ಲಿಡಬಾರದು. ಬೈಕಿನವರು ಬಿದ್ದು ಸತ್ತರೆ ಯಾರು ಹೊಣೆ?

ಕಾರಟಗಿ ಮನಿ, ಪೀಣ್ಯ ಕೆಲಸ:
ಕಲ್ಲು ಬ್ಯಾಡ, ಅದನ್ನ ಒಪ್ತೀನಿ. ಊರಾಗೂ ಹೇಳ್ತೀನಿ. ಕೇಸ್ ಮಾತು ವಾಪಸ್ ತಗೊಳ್ರಿ.

ರಾಜಾಜಿನಗರದ ಹೊಸಬ:
ಎಲ್ಲರಿಗೂ ಧನ್ಯವಾದ. ಚಿಕ್ಕಪ್ಪನ ವಿಷಯ ಯಾರಾದ್ರೂ ಹೇಳ್ತೀರಾ? ಆಮೇಲೆ ವಿಜಯಪುರದಲ್ಲಿ ಲಾಡ್ಜ್ ಸಿಗುತ್ತಾ? ನಾವು ಸಂಕ್ರಾಂತಿ ರಜೆಗೇ ಹೊರಡೋದು.

ಬಸವೇಶ್ವರನಗರ:
ಸಂಕ್ರಾಂತಿಗೆ ವಿಜಯಪುರವಾ! ಸಿದ್ಧೇಶ್ವರ ಜಾತ್ರೆ ಅದೇ ವಾರ. ರೂಮಿಲ್ಲ, ಇದ್ದರೂ 900ರ ರೂಮಿಗೆ 2500. ನಮಗೆ ರಾತ್ರಿ ಹತ್ತಕ್ಕೆ ಸಿಕ್ಕಿದ್ದು ಕಲ್ಯಾಣ ಮಂಟಪದ ಜಮಖಾನೆ. ಈಗಲೇ ಮುಂಗಡ ಕಳಿಸಿ, ಇಲ್ಲಾ ಒಂದು ವಾರ ಮುಂದಕ್ಕೆ ಹಾಕಿ.

ಇನ್ನೊಂದು, ಲಿಂಗಸುಗೂರು ದಾಟಿದ ಮೇಲೆ ನೀರಾವರಿ ಬಯಲು ಮುಗೀತು. ಮುದ್ದೇಬಿಹಾಳದ ಕಡೆ ಏರು ತಗ್ಗು ಶುರು, ಜೋಳ, ತೊಗರಿ ಹೊಲ. ನನಗೆ ಆ ಭಾಗವೇ ಹೆಚ್ಚು ಹಿಡಿಸಿತು. ಹೊಲದವರು ಕರೆದು ಕೂರಿಸಿ ಸೀತನಿ ಸುಟ್ಟು ಕೊಟ್ಟರು. ಎಳೆ ಜೋಳದ ತೆನೆ ಕೆಂಡದಲ್ಲಿ ಬಾಡಿಸಿ, ಅಂಗೈಯಲ್ಲಿ ಉಜ್ಜಿ, ಊದಿ, ಬಿಸಿಬಿಸಿ ಕಾಳಿಗೆ ಶೇಂಗಾ ಚಟ್ನಿ. ದುಡ್ಡು ಕೊಡೋಕೆ ಹೋದರೆ ಬೈದರು.

ಪದ್ಮನಾಭನಗರ:
ಸೀತನಿ ಅಲ್ಲಿನದು ಸರಿ. ಆದರೆ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿಗಳು ಮಾಡೋ ಮೀನು ತಿನ್ನದೆ ಯಾಕೆ ಮುಂದೆ ಹೋದಿರಿ?

ಬಸವೇಶ್ವರನಗರ:
ನಾವು ಮೀನು ತಿನ್ನಲ್ಲ. ಕೇಳಿದ್ದು ಲಾಡ್ಜ್.

ಮಲ್ಲೇಶ್ವರದಿಂದ ಒಬ್ಬಳು:
ಚಿಕ್ಕಪ್ಪನಿಗೆ: ಮಾತ್ರೆಯ ಹೆಸರು, ದಿನಕ್ಕೆಷ್ಟು ಗಂಟೆ ತುಳೀತಾರೆ ಎರಡನ್ನೂ ಡಾಕ್ಟರಿಗೆ ಹೇಳಿ ಕೇಳಿ. ಕೆಲವು ಮಾತ್ರೆ ತಗೊಂಡು ಗಂಟೆಗಟ್ಟಲೆ ತುಳಿದರೆ ಸಕ್ಕರೆ ತೀರಾ ಇಳಿಯುತ್ತೆ. ಗ್ಲೂಕೋಸ್ ಅವರ ಜೇಬಲ್ಲೇ ಇರಲಿ, ವ್ಯಾನಲ್ಲಲ್ಲ. ಕೈ ನಡುಗಿ ಬೆವರಿದರೆ ಗುಂಪಿಡೀ ನಿಲ್ಲಬೇಕು, ಅವರೊಬ್ಬರೇ ಹಿಂದೆ ಬೀಳಬಾರದು. ಪಾದ ದಿನಾ ಸಂಜೆ ನೋಡಿ, ಬೊಕ್ಕೆ ಎದ್ದಿದ್ದರೆ ಮರುದಿನ ತುಳಿಯೋದು ಬೇಡ.

ಪದ್ಮನಾಭನಗರ:
ತುಳಿಯೋದು ಬೇಡ ಅಂದರೆ ಅವರು ಎಲ್ಲಿ ಕೂರಬೇಕು? ವ್ಯಾನಲ್ಲಿ! ನಾನು ಮೊದಲಿಂದ ಹೇಳ್ತಿರೋದು ಅದೇ.

ಬನಶಂಕರಿ ಬ್ರೆವೆ:
ಆ ದಾರಿಯಲ್ಲಿ ಗಂಟೆಗೊಂದು ಸರ್ಕಾರಿ ಬಸ್ಸಿದೆ. ಸೈಕಲ್ ಮೇಲೆ ಹಾಕಿಸಿ ಮುಂದಿನ ಊರಲ್ಲಿ ಇಳಿಯಲಿ.

ಕೆಂಗೇರಿ ಸ್ಟೀಲ್ ಫ್ರೇಮ್:
ಬಸ್ಸಿನ ಮಾತು ಬಂತಲ್ಲ, ವಿಜಯಪುರದಿಂದ ಒಂದು ಖಾಸಗಿ ಸ್ಲೀಪರ್ ಬಸ್ಸಲ್ಲಿ ಬಂದೆ. ಹತ್ತುವಾಗ ಸೈಕಲ್ಲಿಗೆ 500, ಬೆಂಗಳೂರಲ್ಲಿ ಇಳಿಸುವಾಗ ಇನ್ನೂ 300 ಕೊಡದಿದ್ದರೆ ಡಿಕ್ಕಿ ತೆಗೆಯಲ್ಲ ಅಂದ. ಹೊರಡೋ ಮುಂಚೆ ಟಿಕೆಟ್ ಹಿಂದೆ ಬರೆಸಿಕೊಳ್ಳಿ. ರೈಲಲ್ಲಿ ಬರೋದಾದರೆ ಬ್ರೇಕ್ ವ್ಯಾನಿಗೆ (ರೈಲಿನ ಲಗೇಜ್ ಬೋಗಿ) ಲಗೇಜ್ ಬುಕ್ ಮಾಡಿಸಿ, ಗೊತ್ತಾದ ದರ, ರಸೀದಿ ಸಿಗುತ್ತೆ. ಟೈರ್ 38ಕ್ಕೇ ಹೋಗಿ, 32 ಅನ್ನೋರ ಮಾತು ಕೇಳಬೇಡಿ.