ಬೆಲ್ಟ್ ಮೇಲೆ ಸೂಜಿ, ಬ್ಯಾಟರಿ, ಆ್ಯಸಿಡ್ ಬಾಟಲಿ ಬಂದರೆ ನೀವು ಎಂತ ಮಾಡ್ತೀರಿ?

ಒಣಕಸ ಘಟಕದ ಮೇಲ್ವಿಚಾರಕಿ, ಉಡುಪಿ ಜಿಲ್ಲೆ

ನಮ್ಮದು ಸಂಜೀವಿನಿ ಒಕ್ಕೂಟದವರು (ಹೆಂಗಸರ ಸ್ವಸಹಾಯ ಗುಂಪುಗಳ ಒಕ್ಕೂಟ) ನಡೆಸುವ ಘಟಕ. ಸುತ್ತಲಿನ ಪಂಚಾಯತುಗಳ ಒಣಕಸ ಇಲ್ಲಿಗೇ ಬರ್ತದೆ. ಕಸ ಬೇರ್ಪಡಿಸುವ ಬೆಲ್ಟಿನಲ್ಲಿ ಹನ್ನೊಂದು ಮಂದಿ, ಎಲ್ಲ ಹೆಂಗಸರು. ನಾನೂ ಅಲ್ಲಿಯೇ ನಿಂತವಳು, ಮೂರು ತಿಂಗಳಿಂದ ಮೇಲ್ವಿಚಾರಣೆ ಕೊಟ್ಟಿದ್ದಾರೆ. ಮೊನ್ನೆ ಸೋಮವಾರ ಡೈಪರ್ ಒಳಗೆ ಸುತ್ತಿ ಬಿಸಾಡಿದ್ದ ಇನ್ಸುಲಿನ್ ಸೂಜಿ ಒಬ್ಬರ ಹೆಬ್ಬೆರಳಿಗೆ ಚುಚ್ಚಿತು. ಅವರು ಬೆರಳನ್ನು ಬಾಯಿಗಿಟ್ಟು ಚೀಪಿ, ಬಟ್ಟೆ ಸುತ್ತಿ ಮತ್ತೆ ಕೆಲಸಕ್ಕೆ ನಿಂತರು. ನನಗೆ ಗೊತ್ತಾದದ್ದು ಸಂಜೆ ಬಸ್ಸಿಗೆ ಹೊರಡುವಾಗ. ಗುರುವಾರ ಬೇಲ್ ಮಾಡ್ಲಿಕ್ಕೆ, ಅಂದ್ರೆ ಮಷೀನಿನಲ್ಲಿ ಒತ್ತಿ ಕಟ್ಟು ಕಟ್ಟಲಿಕ್ಕೆ, ಇಟ್ಟ ರಾಶಿಯಿಂದ ಹೊಗೆ ಎದ್ದಿತು, ನೋಡಿದರೆ ಹಳೇ ಮೊಬೈಲ್ ಬ್ಯಾಟರಿ. ಟ್ರೈನಿಂಗಿನಲ್ಲಿ "ಅಪಾಯಕಾರಿ ತ್ಯಾಜ್ಯವನ್ನು ಪ್ರತ್ಯೇಕಿಸಿ" ಅಂತ ಹೇಳಿದ್ದು ಹೌದು. ಯಾವ ಕೈಯಿಂದ ತೆಗೆಯುವುದು, ತೆಗೆದ ಮೇಲೆ ಎಲ್ಲಿ ಇಡುವುದು ಅಂತ ಯಾರೂ ಹೇಳಲಿಲ್ಲ. ಕೆಲಸ ಮಾಡಿ ಗೊತ್ತಿರುವವರು ಹೇಳಿ, ದಯವಿಟ್ಟು.

ಸ್ಟಾಫ್ ನರ್ಸ್, ತಾಲೂಕು ಆಸ್ಪತ್ರೆ

ಉಳಿದದ್ದು ಆಮೇಲೆ. ಆ ಹೆಬ್ಬೆರಳಿನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ್ರಾ? ಇಲ್ಲ ಅಂದ್ರೆ ಇದನ್ನು ಓದಿ ಮುಗಿಸಿ ಹೊರಡಿ.

ಸೂಜಿ ಚುಚ್ಚಿದ ಕೂಡಲೇ ಹರಿಯುವ ನೀರು, ಸೋಪು, ಅಷ್ಟೇ. ಹಿಂಡಿ ರಕ್ತ ತೆಗೆಯಬಾರದು, ಬಾಯಿಗಂತೂ ಇಡಲೇಬಾರದು. ಬ್ಲೀಚಿಂಗ್ ನೀರು, ಸ್ಪಿರಿಟ್ಟು ಸುರಿಯುವುದೂ ಬೇಡ. ನೇರ ಆಸ್ಪತ್ರೆಗೆ. ಎಚ್‌ಐವಿ ತಡೆಯುವ ಮಾತ್ರೆ ಶುರು ಮಾಡಬೇಕಾದರೆ 72 ಗಂಟೆಯೊಳಗೆ ಆಗಬೇಕು, ಮೊದಲ ಎರಡು ಗಂಟೆಯಲ್ಲಾದರೆ ಇನ್ನೂ ಒಳ್ಳೆಯದು. 28 ದಿನ ನುಂಗಬೇಕು, ಎಚ್‌ಐವಿ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಉಚಿತ. ನಿಮ್ಮವರಿಗೆ ಆ ಹೊತ್ತು ಮೀರಿದೆ. ಆದರೂ ಈಗೊಂದು ರಕ್ತಪರೀಕ್ಷೆ, ಮತ್ತೆ ಡಾಕ್ಟರು ಹೇಳಿದ ದಿನಕ್ಕೆ ಇನ್ನೊಂದು, ಎರಡೂ ಆಗಲೇಬೇಕು. ಧನುರ್ವಾಯು ತಡೆಯುವ ಇಂಜೆಕ್ಷನ್ ಕೂಡ.

ಅವರನ್ನು ಹೆದರಿಸಬೇಡಿ. ಆಸ್ಪತ್ರೆಯಲ್ಲಿ ಹಸಿ ರಕ್ತದ ಸೂಜಿ ಚುಚ್ಚಿದಾಗಲೇ ಎಚ್‌ಐವಿ ತಗಲುವುದು ಸಾವಿರಕ್ಕೆ ಮೂರರಷ್ಟು, ಕಸದಲ್ಲಿ ಒಣಗಿದ ಸೂಜಿಯಿಂದ ಇನ್ನೂ ಕಡಿಮೆ. ನಿಜವಾಗಿ ತಲೆಬಿಸಿ ಮಾಡಬೇಕಾದ್ದು ಹೆಪಟೈಟಿಸ್ ಬಿ ಬಗ್ಗೆ. ಆ ವೈರಸ್ಸು ಒಣಗಿದ ರಕ್ತದಲ್ಲಿ ವಾರದವರೆಗೂ ಬದುಕಿರುತ್ತದೆ. ಅದಕ್ಕೆ ಲಸಿಕೆ ಇದೆ: ಇವತ್ತು ಒಂದು, ತಿಂಗಳಿಗೆ ಒಂದು, ಆರನೇ ತಿಂಗಳಿಗೆ ಒಂದು. ಹನ್ನೊಂದು ಜನಕ್ಕೂ ಹಾಕಿಸಿ. ಗ್ಲೌಸಿಗಿಂತ ಮೊದಲು ಹಾಕಿಸಿ.

ಒಣಕಸ ಕೇಂದ್ರ ನಡೆಸುವವಳು, ಬೆಂಗಳೂರು

ಅಕ್ಕ, ನಾನು ಚಿಂದಿ ಆಯ್ದುಕೊಂಡಿದ್ದವಳು. ಬಿಬಿಎಂಪಿ ಗುರುತಿನ ಚೀಟಿ ಕೊಟ್ಟ ಮೇಲೆ ವಾರ್ಡಿನ ಕೇಂದ್ರಕ್ಕೆ ಬಂದೆ. ನನ್ನ ಕೈ ನೋಡಿದ್ರೆ ಎಷ್ಟು ಸಲ ಚುಚ್ಚಿದೆ ಅಂತ ನೀವೇ ಎಣಿಸಬಹುದು. ನಮಗೆ ಆಗ ಯಾರೂ ಆ 72 ಗಂಟೆ ಲೆಕ್ಕ ಹೇಳಿರಲಿಲ್ಲ.

ಬೆಲ್ಟ್ ಮೇಲೆ ಸೂಜಿ ಬಂದಾಗ ಏನು ಮಾಡೋದು ಅಂತ ಕೇಳ್ತಿದೀರಿ. ಬೆಲ್ಟ್‌ವರೆಗೂ ಬಿಡಬಾರದು, ಅದೇ ಉತ್ತರ. ಗಾಡಿ ಸುರಿಯೋ ಜಾಗದಲ್ಲೇ ಇಬ್ಬರು ಅನುಭವಸ್ಥರನ್ನ ನಿಲ್ಲಿಸಿ. ಗಂಟು ಹಾಕಿದ ಕವರ್ ಒಂದೂ ಬೆಲ್ಟ್ ಹತ್ತಬಾರದು. ನೆಲದ ಮೇಲೆ ಇಟ್ಟು ಉದ್ದ ಕೋಲಿನ ಕೊಕ್ಕೆಯಿಂದ ಸೀಳಿ, ಗೋರೆಯಿಂದ ತೆಳ್ಳಗೆ ಹರಡಿ. ಮೂಟೆ ಎತ್ತುವಾಗ ತೊಡೆಗೆ ತಾಗಿಸಿಕೊಂಡು ಎತ್ತಬೇಡಿ, ಕಾಲಿಂದ ತುಳಿದು ಅದುಮಬೇಡಿ. ನಮ್ಮಲ್ಲಿ ಕೈಗಿಂತ ತೊಡೆಗೆ ಚುಚ್ಚಿಸಿಕೊಂಡವರೇ ಜಾಸ್ತಿ. ಸ್ವಲ್ಪ ದಿನ ಕಳೆದರೆ ಕವರ್ ಎತ್ತಿದಾಗಲೇ ಗೊತ್ತಾಗುತ್ತೆ: ಪುಟ್ಟ ಕವರ್ ಭಾರ ಇದ್ದರೆ ಬ್ಯಾಟರಿಯೋ ಒಡೆದ ಗಾಜೋ, ಪೇಪರ್ ಸುತ್ತಿ ಮೆತ್ತಗಿದ್ದರೆ ಪ್ಯಾಡು, ಕಟಕಟ ಅಂದರೆ ಸಕ್ಕರೆ ಕಾಯಿಲೆಯವರ ಸೂಜಿ, ರಕ್ತ ಪರೀಕ್ಷೆಯ ಸ್ಟ್ರಿಪ್ಪು.

ಸೂಜಿಗೆ ಐದು ಲೀಟರಿನ ಅಡುಗೆ ಎಣ್ಣೆ ಕ್ಯಾನ್ ಇಟ್ಕೊಳ್ಳಿ. ಬಾಯಿ ಸಣ್ಣದು, ಪ್ಲಾಸ್ಟಿಕ್ ದಪ್ಪ. ಇಕ್ಕಳದಿಂದ ಹಿಡಿದು ಒಳಗೆ ಬಿಡೋದು. ಕ್ಯಾಪ್ ಮತ್ತೆ ಹಾಕಕ್ಕೆ ಹೋಗಬೇಡಿ, ಎಷ್ಟೋ ಜನಕ್ಕೆ ಚುಚ್ಚೋದು ಆ ಹೊತ್ತಲ್ಲೇ. ಮುಕ್ಕಾಲು ತುಂಬಿದರೆ ಮುಚ್ಚಳ ಬಿಗಿದು ಟೇಪ್ ಸುತ್ತಿ. ಇಕ್ಕಳ ಒಂದನ್ನು ಹನ್ನೊಂದು ಜನ ಹಂಚಿಕೊಳ್ಳೋ ಹಾಗೆ ಮಾಡಬೇಡಿ, ದೂರ ಇದ್ದರೆ ಕೈಯೇ ಮುಂದೆ ಹೋಗುತ್ತೆ. ಎರಡು ಹೆಜ್ಜೆಗೊಂದು ನೇತು ಹಾಕಿ.

ಸುರಕ್ಷತಾ ಸಾಮಗ್ರಿ ಮಾರುವವರು, ಮೈಸೂರು

ಇಷ್ಟೆಲ್ಲಾ ಕಷ್ಟ ಯಾಕೆ ಮೇಡಂ? ಕಟ್ ಆಗದ ಗ್ಲೌಸ್ ಬಂದಿದೆ, ಐದನೇ ಲೆವೆಲ್‌ನದು. ಒಂದು ಸಲ ಹಾಕಿಸಿದರೆ ಸಮಸ್ಯೆ ಮುಗಿಯುತ್ತೆ.

ಒಣಕಸ ಕೇಂದ್ರ ನಡೆಸುವವಳು, ಬೆಂಗಳೂರು

ಮುಗಿಯಲ್ಲ ಅಣ್ಣ. ಆ ಗ್ಲೌಸು ಗಾಜಿಗೆ, ತಗಡಿಗೆ ಚೆನ್ನಾಗಿದೆ, ನಾವೂ ಹಾಕ್ತೀವಿ. ಇನ್ಸುಲಿನ್ ಸೂಜಿ ಕೂದಲಿನಷ್ಟು ಸಣ್ಣ, ನೇಯ್ಗೆಯ ಸಂದಿಯಲ್ಲಿ ನುಸುಳಿಬಿಡುತ್ತೆ. ಗ್ಲೌಸ್ ಇದೆ ಅನ್ನೋ ಧೈರ್ಯದಲ್ಲಿ ಕೈ ಒಳಗೆ ತೂರಿಸಿದರೆ ಇನ್ನೂ ಕೆಟ್ಟದ್ದು. ಅಕ್ಕ, ಅಂಗೈಗೆ ನೈಟ್ರೈಲ್ ಅನ್ನೋ ರಬ್ಬರಿನ ಲೇಪ ಇರೋದು, ಮೇಲ್ಗಡೆ ಬಟ್ಟೆ ಇರೋದು ತಗೊಳ್ಳಿ, ಸೆಕೆ ಕಡಿಮೆ. ಮುಖ್ಯವಾಗಿ ಅವರವರ ಕೈಯಳತೆಗೆ. ಗಂಡಸರ ಸೈಜಿನ ಗ್ಲೌಸ್ ತಂದುಕೊಟ್ಟು "ಇವರು ಹಾಕಲ್ಲ" ಅಂತ ದೂರೋದನ್ನ ಹತ್ತು ವರ್ಷದಿಂದ ಕೇಳ್ತಿದೀನಿ.

ಬೇಲಿಂಗ್ ಮಷೀನ್ ಮೆಂಟೆನೆನ್ಸ್, ಹುಬ್ಬಳ್ಳಿ

ಅಕ್ಕಾರ, ಬೆಂಕಿ ವಿಷಯ ನಾ ಹೇಳ್ತೀನ್ರಿ. ನಾ ಮೊದಲ ಕೆಲಸ ಮಾಡ್ತಿದ್ದ ಒಂದು ಕಡೆ ಸಂಜಿ ಆರಕ್ಕ ಕೊನೀ ಬೇಲ್ ಕಟ್ಟಿ, ಕೀಲಿ ಹಾಕ್ಕೊಂಡು ಮನಿಗೆ ಹೋದ್ವಿ. ರಾತ್ರಿ ಎರಡಕ್ಕ ವಾಚ್‌ಮನ್ ಫೋನ್. ಬೆಳಗಾಗೂದ್ರಾಗ ಶೆಡ್ಡಿನ ತಗಡು ಬಾಳಿ ಎಲಿ ಬಾಡಿಧಂಗ ಜೋತು ಬಿದ್ದಿತ್ತು. ಬೇಲ್ ಒಳಗ ಪವರ್ ಬ್ಯಾಂಕ್ ಸಿಕ್ಕೊಂಡು ಒತ್ತಡಕ್ಕ ಜಜ್ಜಿತ್ತು. ಲಿಥಿಯಂ ಬ್ಯಾಟರಿ ಜಜ್ಜಿದ ಕೂಡಲೇ ಉರೀಬೇಕಂತಿಲ್ರಿ. ಒಳಗ ಒಳಗ ಕಾದು, ತಾಸೆರಡು ತಾಸು ಬಿಟ್ಟು ಹೊತ್ತಿಕೊಳ್ತದ.

ಹಂಗಾಗಿ ಮೊಬೈಲು, ಇಯರ್‌ಫೋನ್ ಡಬ್ಬಿ, ಹುಡುಗರ ಆಟಿಗಿ, ಟ್ರಿಮ್ಮರ್, ಹಾಡು ಹೇಳೋ ಗ್ರೀಟಿಂಗ್ ಕಾರ್ಡ್, ಇವು ಒಂದೂ ಪ್ಲಾಸ್ಟಿಕ್ ರಾಶಿಗೆ ಹೋಗಬಾರದು. ಬಿಚ್ಚಿ ಬ್ಯಾಟರಿ ಕೀಳಾಕ ಹೋಗಬ್ಯಾಡ್ರಿ, ಇಡೀ ಸಾಮಾನನ್ನ ಬ್ಯಾರೆ ಇಡ್ರಿ. ಬಿಡಿ ಬ್ಯಾಟರಿ ಸಿಕ್ಕರ ಎರಡೂ ತುದಿಗೆ ಟೇಪ್ ಹಚ್ಚಿ, ಒಣ ಉಸುಕು ತುಂಬಿದ ಡಬ್ಬಿಯೊಳಗ ಒಂದಕ್ಕೊಂದು ತಾಗದಂಗ ಇಡ್ರಿ. ಉಬ್ಬಿದ್ದು, ಬೆಚ್ಚಗಿದ್ದದ್ದು ಸಿಕ್ಕರ ಇಕ್ಕಳದಿಂದ ಹಿಡಿದು ಕಬ್ಬಿಣದ ಬಕೆಟ್ಟಿಗೆ ಹಾಕಿ, ಶೆಡ್ಡಿನ ಹೊರಗ ಇಡ್ರಿ.

ಹೊಗಿ ಬಂತಂದ್ರ ಆ ಹೊಗಿ ಕುಡೀಬ್ಯಾಡ್ರಿ, ಅದು ವಿಷ. ಮಂದಿನ ಹೊರಗ ಕಳಿಸ್ರಿ. ಸಣ್ಣ ಬ್ಯಾಟರಿಗೆ ನೀರು ಭಾಳ ಸುರೀಬೇಕು, ತಣ್ಣಗಾಗೂ ತನಕ. ಪೌಡರ್ ಸಿಲಿಂಡರ್ ಹೊಡದ್ರ ಉರಿ ಆರ್ತದ, ಒಳಗಿನ ಕಾವು ಹೋಗೂದಿಲ್ಲ, ಮತ್ತ ಹೊತ್ತತದ. ಕೈ ಮೀರಿದ್ರ ಅಗ್ನಿಶಾಮಕದವರನ್ನ ಕರೀರಿ. ಮತ್ತೊಂದು: ಕೊನೀ ಬೇಲ್ ಕಟ್ಟಿದ ಮ್ಯಾಲ ಎರಡು ತಾಸು ಯಾರಾದ್ರೂ ಇರ್ಬೇಕು. ಬೇಲುಗಳನ್ನ ಗ್ವಾಡಿಗೆ ಹತ್ತಿ ಒಟ್ಟಬಾರದು, ನಡುವ ಮನಿಷ್ಯಾ ಓಡಾಡೋ ಅಷ್ಟು ದಾರಿ ಬಿಡ್ರಿ.

ಸೆಂಟಿನ ಡಬ್ಬಿ, ಸೊಳ್ಳಿ ಸ್ಪ್ರೇ, ಲೈಟರ್, ಇವು ಬೇಲರ್‌ನ್ಯಾಗ ಸಿಕ್ಕರ ಗುಂಡು ಹೊಡದಂಗ. ಡಬ್ಬಿ ಖಾಲಿ ಐತೇನು ಅಂತ ನೋಡಾಕ ತೂತು ಹಾಕೋರು ಅದಾರ, ದಯವಿಟ್ಟು ಬ್ಯಾಡ. ದೀಪಾವಳಿ ಮರುವಾರ ಠುಸ್ಸಾದ ಪಟಾಕಿ ಬರ್ತಾವ, ಬರೂದ್ರಾಗ ನೀರಿನ ಡ್ರಮ್ಮಿಗೆ ಹಾಕ್ರಿ.

ಅಡಿಕೆ ಬೆಳೆಗಾರ, ಬೆಳ್ತಂಗಡಿ ಕಡೆ

ಇದನ್ನು ಓದುವಾಗ ನನಗೇ ನಾಚಿಕೆ ಆಯ್ತು. ನಮ್ಮ ತೋಟದ ಕಳೆನಾಶಕದ ಬಾಟಲಿಗಳು ಪಂಚಾಯತಿನ ಗಾಡಿಗೆ ಹೋದದ್ದು ಉಂಟು. ಎಂಡೋಸಲ್ಫಾನ್ ಕೀಟನಾಶಕ ಎಂತ ಮಾಡ್ತದೆ ಅಂತ ಕೊಕ್ಕಡ, ಪಟ್ರಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ ಹೀಗೆ. ಅಮ್ಮ, ಲೇಬಲ್ಲಿನಲ್ಲಿ ವಜ್ರಾಕಾರದ ಗುರುತು ಇರ್ತದೆ, ಅದರ ಕೆಳಗಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಅಂದರೆ ಅತಿ ವಿಷ, ಮತ್ತೆ ಹಳದಿ, ನೀಲಿ, ಹಸಿರು. ಹಸಿರು ಕಂಡರೂ ಮೂಸಿ ನೋಡಬೇಡಿ. ಚರ್ಮಕ್ಕೆ ತಾಗಿದರೆ ಬಟ್ಟೆ ಬದಲಿಸಿ ಸೋಪು ಹಾಕಿ ತೊಳೆಯಿರಿ, ಬಾಟಲಿಯನ್ನೂ ಜೊತೆಗೆ ಡಾಕ್ಟರಿಗೆ ತೋರಿಸಿ. ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಈ ಸಲ ಹೇಳ್ತೇನೆ: ಬಾಟಲಿಯನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಸ್ಪ್ರೇ ಟ್ಯಾಂಕಿಗೇ ಹಾಕಬೇಕು, ಮನೆಯ ಕಸಕ್ಕೆ ಸೇರಿಸಬಾರದು ಅಂತ.

ಒಣಕಸ ಘಟಕದ ಮೇಲ್ವಿಚಾರಕಿ, ಉಡುಪಿ ಜಿಲ್ಲೆ

ಎಲ್ಲರಿಗೂ ಉಪಕಾರ. ಅವರನ್ನು ಕರೆದುಕೊಂಡು ಹೋಗಿ ಬಂದೆ, ರಕ್ತ ತೆಗೆದರು, ಲಸಿಕೆಯ ಮೊದಲ ಡೋಸ್ ಆಯ್ತು. ಟಾಯ್ಲೆಟ್ ಆ್ಯಸಿಡ್ ಮತ್ತು ಟ್ಯೂಬ್‌ಲೈಟ್ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು ತೊಂದರೆ, ಬೆಲ್ಟ್ ನಿಲ್ಲಿಸುವ ಸ್ವಿಚ್ ಪ್ಯಾನಲ್ಲಿನಲ್ಲಿ ಉಂಟು, ಅದಕ್ಕೆ ಕೈ ಹಾಕುವ ಅಧಿಕಾರ ಆಪರೇಟರಿಗೆ ಮಾತ್ರ. ಅವನು ಇಯರ್‌ಫೋನ್ ಹಾಕಿ ಕೂತಿರ್ತಾನೆ. ಒಕ್ಕೂಟದ ಅಧ್ಯಕ್ಷರು "ಪದೇ ಪದೇ ನಿಲ್ಲಿಸಿದರೆ ಟನ್ ಲೆಕ್ಕ ಬರುವುದಿಲ್ಲ" ಅಂತಾರೆ.

ಒಣಕಸ ಕೇಂದ್ರ ನಡೆಸುವವಳು, ಬೆಂಗಳೂರು

ಆ್ಯಸಿಡ್ ಬಗ್ಗೆ ನಾನೇ ಮಾಡಿದ ತಪ್ಪು ಹೇಳ್ತೀನಿ. ಅರ್ಧ ಇದ್ದ ಬಾಟಲಿ ಒಡೆದು ನೆಲಕ್ಕೆಲ್ಲಾ ಹರಿಯಿತು. ನಾನು ಶುಚಿ ಆಗಲಿ ಅಂತ ಮೂಲೆಯಲ್ಲಿದ್ದ ಬ್ಲೀಚಿಂಗ್ ಪೌಡರ್ ತಂದು ಮೇಲೆ ಎರಚಿದೆ. ಹಳದಿ ಹಸಿರು ಹೊಗೆ ಎದ್ದು ಗಂಟಲು ಹಿಡಿದುಬಿಡ್ತು, ಕಣ್ಣು ಬಿಡಕ್ಕಾಗಲಿಲ್ಲ. ನಾಲ್ಕು ಜನ ಗೋಡೆ ಸವರಿಕೊಂಡು ಹೊರಗೆ ಬಂದ್ವಿ, ಒಬ್ಬಳನ್ನ ಎರಡು ದಿನ ಆಸ್ಪತ್ರೆಯಲ್ಲಿ ಇಟ್ಕೊಂಡ್ರು. ಕ್ಲೋರಿನ್ ಗ್ಯಾಸು ಅಂತ ಆಮೇಲೆ ಡಾಕ್ಟ್ರು ಹೇಳಿದ್ದು. ಅವತ್ತಿಂದ ನಮ್ಮಲ್ಲಿ ಬ್ಲೀಚಿಂಗ್ ಡಬ್ಬ ಬೇರೆ ಕೋಣೆಯಲ್ಲಿ, ಬೀಗದ ಕೆಳಗೆ. ಚೆಲ್ಲಿದರೆ ಒಣ ಮರಳು ಹಾಕಿ ಹೀರಿಸೋದು, ಬಾಗಿಲು ಎಲ್ಲಾ ತೆಗೆಯೋದು. ಕಣ್ಣಿಗೆ ಸಿಡಿದರೆ 15-20 ನಿಮಿಷ ನಿಲ್ಲಿಸದೆ ನೀರು ಬಿಡೋದು, ಆಮೇಲೆ ಆಸ್ಪತ್ರೆ. ಅದಕ್ಕೇ ಬೆಲ್ಟ್ ಪಕ್ಕದಲ್ಲೇ ನಲ್ಲಿ ಬೇಕು. ಟ್ಯಾಂಕರ್ ಬರೋವರೆಗೆ ಕಣ್ಣು ಕಾಯಲ್ಲ. ಬಾಟಲಿಯಿಂದ ಬಾಟಲಿಗೆ ಸುರಿದು ಒಟ್ಟು ಮಾಡೋದೂ ಬೇಡ, ಯಾವುದರಲ್ಲಿ ಏನಿದೆ ಅಂತ ಲೇಬಲ್ ಹೇಳೋದೆಲ್ಲ ನಿಜ ಅಲ್ಲ.

ಟ್ಯೂಬ್‌ಲೈಟ್, ಸಿಎಫ್‌ಎಲ್ ಒಳಗೆ ಪಾದರಸ ಇರುತ್ತೆ. ಒಡೆದರೆ ಪೊರಕೆ ಹಾಕಬೇಡಿ, ಪುಡಿ ಗಾಳಿಗೆ ಏಳುತ್ತೆ. ಹತ್ತು ಹದಿನೈದು ನಿಮಿಷ ಗಾಳಿಯಾಡಕ್ಕೆ ಬಿಟ್ಟು, ಎರಡು ರಟ್ಟಿನಿಂದ ಬಾಚಿ, ಉಳಿದ ಪುಡಿಗೆ ಟೇಪ್ ಒತ್ತಿ ತೆಗೆದು ಮುಚ್ಚಳದ ಡಬ್ಬಿಗೆ. ಒಡೆಯದ್ದನ್ನ ಡ್ರಮ್ಮಿನಲ್ಲಿ ನಿಲ್ಲಿಸಿಡಿ. ಈ ಗುಜರಿಯೋರು ಅಲ್ಯೂಮಿನಿಯಂ ಕ್ಯಾಪ್‌ಗಾಗಿ ಒಡೆದುಕೊಡಿ ಅಂತಾರೆ, ಕೊಡಬೇಡಿ.

ಪ್ಯಾಡ್, ಡೈಪರ್ ವಿಷಯಕ್ಕೆ ಮನೆಯವರೇ ಸರಿ ಹೋಗಬೇಕು. ಬೆಂಗಳೂರಿಗೆ 2015ರ ಕೊನೆಯಲ್ಲಿ ಹೈಕೋರ್ಟ್ "ಎರಡು ಬಿನ್, ಒಂದು ಬ್ಯಾಗ್" ಅಂತ ಹೇಳಿತು: ಹಸಿಕಸಕ್ಕೊಂದು ಬಿನ್, ಪ್ಯಾಡ್ ಡೈಪರ್ ಥರದ್ದಕ್ಕೊಂದು ಬಿನ್, ಒಣಕಸಕ್ಕೆ ಬ್ಯಾಗ್. ಪೇಪರಲ್ಲಿ ಸುತ್ತಿ ಕೆಂಪು ಚುಕ್ಕೆ ಇಟ್ಟು ಕೊಡಿ ಅಂತ ಮನೆಮನೆಗೆ ಹೋಗಿ ಹೇಳಿದ್ವಿ. ಕೆಲವು ಬೀದಿಯಲ್ಲಿ ಚುಕ್ಕೆ ಬರುತ್ತೆ, ಕೆಲವು ಕಡೆ ಇವತ್ತಿಗೂ ಇಲ್ಲ. ಹಳದಿ ಚೀಲದಲ್ಲಿ ಬ್ಯಾಂಡೇಜು ಬಂದರೆ ಅದು ಕ್ಲಿನಿಕ್ಕಿಂದು, ಮನೆಯದ್ದಲ್ಲ. ಮುಟ್ಟದೆ ಫೋಟೊ ತೆಗೆದು, ಗಾಡಿ ಯಾವ ಬೀದಿಯಿಂದ ಬಂತು ಅಂತ ಬರೆದು ಪಂಚಾಯತಿಗೆ ಕೊಡಿ. ಆಸ್ಪತ್ರೆಯೋರು ಅದನ್ನ ಊರ ಕಸಕ್ಕೆ ಸೇರಿಸೋದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ತಪ್ಪು.

ಗ್ಲೌಸ್, ಮಾಸ್ಕ್, ಶೂ, ಸಮವಸ್ತ್ರಕ್ಕೆ ದುಡ್ಡಿಲ್ಲ ಅಂದರೆ ಘನತ್ಯಾಜ್ಯ ನಿಯಮ ತೋರಿಸಿ. ಕೆಲಸದವರಿಗೆ ಅದನ್ನೆಲ್ಲಾ ಕೊಡೋದು ಘಟಕ ನಡೆಸೋರ ಹೊಣೆ, ಕೊಡಿಸೋದು ಸ್ಥಳೀಯ ಸಂಸ್ಥೆ ಹೊಣೆ ಅಂತ ಬರೆದಿದೆ. ನಾನು ಅದರ ಕನ್ನಡ ಪ್ರತಿಯನ್ನ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹೊಡೆದಿದೀನಿ.

ಬೇಲಿಂಗ್ ಮಷೀನ್ ಮೆಂಟೆನೆನ್ಸ್, ಹುಬ್ಬಳ್ಳಿ

ಸ್ವಿಚ್ಚಿನ ಮಾತಿಗೆ ಸಿಟ್ಟು ಬಂತ್ರಿ ನನಗ. ಬೆಲ್ಟಿನ ಎರಡೂ ಬದಿಗೆ ಉದ್ದಕ ಎಳಿಯೋ ಹಗ್ಗ ಇರ್ಬೇಕು, ಯಾರು ಎಲ್ಲಿಂದ ಜಗ್ಗಿದ್ರೂ ನಿಲ್ಲಬೇಕು. ಪುಲ್ ಕಾರ್ಡ್ ಸ್ವಿಚ್ ಅಂತಾರ, ಲೋಕಲ್ ಎಲೆಕ್ಟ್ರಿಷಿಯನ್ನೂ ಕೂಡಿಸ್ತಾನ, ಆದರ ಪ್ಯಾನಲ್ ಕೊಟ್ಟ ಕಂಪನಿಯವರ ಮುಂದ ಕೂಡಿಸ್ರಿ. ಸೀರಿ ಸೆರಗು, ದುಪಟ್ಟಾ, ಜಡಿ, ಬಳಿ ರೋಲರ್‌ಗೆ ಸಿಕ್ಕಾಗ ಆಪರೇಟರ್ ಇಯರ್‌ಫೋನ್ ತಗಿಯೂ ತನಕ ಕೈ ಉಳೀತದೇನ್ರಿ? ಸೆರಗಿನ ಮ್ಯಾಲ ಕೋಟು, ಜಡಿ ತುರುಬು ಕಟ್ಟಿ ಟೋಪಿ ಒಳಗ. ಮತ್ತ ಬೆಲ್ಟಿನ ವೇಗ ಸ್ವಲ್ಪ ಇಳಿಸ್ರಿ. ಕಣ್ಣಿಗೆ ಕಾಣದ್ದನ್ನ ಕೈ ಹುಡುಕಿದ್ರ ಸೂಜಿ ಸಿಗ್ತದ.

ಅಧ್ಯಕ್ಷರಿಗೆ ನಮ್ಮ ಸುಟ್ಟ ಶೆಡ್ಡಿನ ಫೋಟೊ ಕಳಸ್ತೀನಿ, ಟನ್ ಲೆಕ್ಕ ಅದರಾಗ ಹಾಕ್ಲಿ.

ಸ್ಟಾಫ್ ನರ್ಸ್, ತಾಲೂಕು ಆಸ್ಪತ್ರೆ

ಮಳೆಗಾಲ ಬಂತು, ಇದೊಂದು ಸೇರಿಸುತ್ತೇನೆ. ನಿಮ್ಮ ಕರಾವಳಿಯಲ್ಲಿ ಇಲಿಜ್ವರ ಜಾಸ್ತಿ. ಕಸದ ರಾಶಿ ಇದ್ದಲ್ಲಿ ಇಲಿ ಇರುತ್ತದೆ, ಅದರ ಮೂತ್ರ ಬಿದ್ದ ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಗಮ್‌ಬೂಟು ಹಾಕಿಸಿ, ಗಾಯ ಮುಚ್ಚಿಸಿ. ಜ್ವರ ಬಂದು ಮೀನಖಂಡ ನೋಯುತ್ತಿದ್ದರೆ "ಕಸದ ಕೆಲಸ ಮಾಡ್ತೇನೆ" ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಲಿ. ನಾಚಿಕೆಯಿಂದ ಹೇಳುವುದಿಲ್ಲ, ಅದಕ್ಕೇ ತಡವಾಗುತ್ತದೆ.

ಒಣಕಸ ಘಟಕದ ಮೇಲ್ವಿಚಾರಕಿ, ಉಡುಪಿ ಜಿಲ್ಲೆ

ಮೂರು ವಾರ ಆಯ್ತು, ಹೇಳಿ ಹೋಗುವಾ ಅಂತ ಬಂದೆ. ಹನ್ನೊಂದು ಮಂದಿಗೂ ಒಂದೊಂದು ಡೋಸ್ ಆಗಿದೆ. ಸುರಿಯುವ ಜಾಗಕ್ಕೆ ಇಬ್ಬರನ್ನು ಹಾಕಿದ್ದೇನೆ, ಅದರಲ್ಲಿ ಒಬ್ಬರು ಆ ಹೆಬ್ಬೆರಳಿನವರೇ. ಅವರ ಕಣ್ಣು ತಪ್ಪಿಸಿ ಈಗ ಒಂದು ಗಂಟು ಕವರ್ ಸಹ ಹೋಗುದಿಲ್ಲ. ಸೂಜಿಯ ಎಣ್ಣೆ ಕ್ಯಾನ್ ಅರ್ಧ ತುಂಬಿದೆ. ಪಂಚಾಯತಿನವರು ಜೈವಿಕ ವೈದ್ಯಕೀಯ ತ್ಯಾಜ್ಯ ಒಯ್ಯುವವರ ಹತ್ತಿರ ಮಾತಾಡಿದ್ದಾರೆ. ಟ್ಯೂಬ್‌ಲೈಟ್ ಡ್ರಮ್ಮು, ಆ್ಯಸಿಡ್ ಬಾಟಲಿಗಳು ಮಾತ್ರ ಹಿಂದಿನ ಶೆಡ್ಡಿನಲ್ಲಿ ಕೂತಿವೆ. ಮಾಲಿನ್ಯ ಮಂಡಳಿಯವರಿಗೆ ಪತ್ರ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ.

ಹಗ್ಗ ಕೂಡಿಸಿದ್ದು ಮೊನ್ನೆ. ಮೊದಲ ದಿನ ನಾಲ್ಕು ಸಲ ಬೆಲ್ಟ್ ನಿಂತಿತು. ಒಂದು ಸಲ ಪವರ್ ಬ್ಯಾಂಕ್, ಒಂದು ಸಲ ಒಡೆದ ಬಲ್ಬು, ಒಂದು ಸಲ ಒಬ್ಬರ ಸೆರಗು. ನಾಲ್ಕನೆಯದು ಹಾವು ಅಂತ ಬೊಬ್ಬೆ ಹಾಕಿ ಎಳೆದದ್ದು, ಹತ್ತಿರ ಹೋಗಿ ನೋಡಿದರೆ ಮಕ್ಕಳ ರಬ್ಬರ್ ಹಾವು. ಆಪರೇಟರ್ ಗೊಣಗಿದ. ಎಳೆದವರಿಗೆ ನಾನು ಎಂತದೂ ಹೇಳಲಿಲ್ಲ.