ಸಹಾಯ ಬೇಕು: ಎಸಿ ಕಂಪ್ರೆಸರ್‌ನಲ್ಲಿ ಕೆಟ್ಟಿರುವುದು ಯಾವ ವಾಲ್ವ್?

ಎಲ್ಲರಿಗೂ ನಮಸ್ಕಾರ. ನನ್ನ ಕಾರಿನ ಎಸಿಯಿಂದ ತಣ್ಣನೆಯ ಗಾಳಿ ಬರುತ್ತಿಲ್ಲ. ಗ್ಯಾಸನ್ನು ತೂಕ ಮಾಡಿಯೇ ತುಂಬಿಸಿದ್ದಾಗಿದೆ, ಸೋರಿಕೆಯೂ ಇಲ್ಲ. ಆದರೆ ಎಸಿ ಓಡುವಾಗ ಕಡಿಮೆ ಒತ್ತಡದ ಕಡೆ ಇರಬೇಕಾದುದಕ್ಕಿಂತ ಹೆಚ್ಚು, ಹೆಚ್ಚು ಒತ್ತಡದ ಕಡೆ ಕಡಿಮೆ ತೋರಿಸುತ್ತಿದೆ. ಕಡಿಮೆ ಒತ್ತಡದ ಗೇಜಿನ ಮುಳ್ಳು ಬಿಡದೆ ನಡುಗುತ್ತಿದೆ. ಕಂಪ್ರೆಸರಿನೊಳಗಿನ ರೀಡ್ ವಾಲ್ವ್ ಸೀಳಿರಬಹುದೆಂಬ ನನ್ನ ಅನುಮಾನ ಹುಟ್ಟಿದ್ದೇ ಅಲ್ಲಿ.

ಪಿಸ್ಟನ್ ಹಿಂದೆ ಸರಿದಾಗ ಸಿಲಿಂಡರಿನ ಒತ್ತಡ ಇಳಿದು, ರೀಡ್ ವಾಲ್ವ್ ಎನ್ನುವ ತೆಳುವಾದ ಉಕ್ಕಿನ ಪಟ್ಟಿ ಬಾಗಿ ಗ್ಯಾಸನ್ನು ಒಳಗೆ ಬಿಡುತ್ತದೆ. ಪಿಸ್ಟನ್ ಮುಂದೆ ಬಂದಾಗ ಅದು ಮುಚ್ಚಿಕೊಂಡು, ಹೊರದಾರಿಯ ಪಟ್ಟಿ ತೆರೆದುಕೊಳ್ಳುತ್ತದೆ. ಎಂಜಿನ್ನಿನ ವಾಲ್ವುಗಳಿಗಿರುವಂತೆ ಈ ರೀಡ್ ವಾಲ್ವುಗಳಿಗೆ ತಳ್ಳಿ ತೆರೆಯುವ ಕ್ಯಾಮ್ ಇಲ್ಲ, ಒತ್ತಡದ ವ್ಯತ್ಯಾಸವೇ ಎಲ್ಲವನ್ನೂ ಮಾಡುತ್ತದೆ. ಪಟ್ಟಿ ಸೀಳಿದ್ದರೆ ಒತ್ತಿದ ಗ್ಯಾಸ್ ಹಿಂದಕ್ಕೇ ನುಗ್ಗುತ್ತದೆ.

ತೊಡಕೆಂದರೆ, ಇದು ವೇರಿಯಬಲ್ ಕಂಪ್ರೆಸರ್, ಅಂದರೆ ಒತ್ತುವ ಗ್ಯಾಸಿನ ಪ್ರಮಾಣವನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡುವಂಥದ್ದು. ಕಂಟ್ರೋಲ್ ವಾಲ್ವ್ ಕ್ರ್ಯಾಂಕ್‌ಕೇಸಿನ (ಪಿಸ್ಟನ್ನುಗಳ ಹಿಂದಿನ ಕೋಣೆಯ) ಒತ್ತಡವನ್ನು ಏರಿಸಿದರೆ, ಪಿಸ್ಟನ್ನುಗಳನ್ನು ಓಡಿಸುವ ಓರೆ ತಟ್ಟೆಯಾದ ಸ್ವಾಷ್ ಪ್ಲೇಟಿನ ಓರೆ ತಗ್ಗಿ ಪಿಸ್ಟನ್ನಿನ ಓಟ ಕುಗ್ಗುತ್ತದೆ. ಆ ವಾಲ್ವ್ ಹಾಗೆಯೇ ಸಿಕ್ಕಿಕೊಂಡಿದ್ದರೂ ಒತ್ತಡಗಳು ಹೀಗೆಯೇ ಹತ್ತಿರವಾಗುತ್ತವೆ.

ಕಂಪ್ರೆಸರನ್ನು ಬಿಚ್ಚುವ ಮೊದಲೇ ಇವೆರಡರಲ್ಲಿ ಯಾವುದೆಂದು ಪತ್ತೆ ಹಚ್ಚಿದವರು ದಯವಿಟ್ಟು ವಿಧಾನ ತಿಳಿಸಿ. ಮುಳ್ಳಿನ ನಡುಕವನ್ನು ರೀಡ್ ವಾಲ್ವಿನ ಗುರುತೆಂದು ನಂಬಬಹುದೇ? ಕಂಟ್ರೋಲ್ ವಾಲ್ವ್ ಒಂದನ್ನೇ ಬದಲಿಸಿದರೆ ಸಾಕಾಗುವಾಗ ಇಡೀ ಕಂಪ್ರೆಸರನ್ನು ಗುಜರಿಗೆ ಹಾಕಲು ನನಗೆ ಮನಸ್ಸಿಲ್ಲ.