ಎಂಟನೇ ತರಗತಿಗೆ ಫೋಟೊ ಎಡಿಟಿಂಗ್ ಕಲಿಸಿದವರು ಅನುಭವ ತಿಳಿಸುವಿರಾ?

ಕೇಳಿದವರು: ನಮ್ಮಲ್ಲಿ ಮಕ್ಕಳು 42, ಕಂಪ್ಯೂಟರ್ 10, ಪೀರಿಯಡ್ 40 ನಿಮಿಷ. ಹೇಗೆ ಕಲಿಸಿದಿರೆಂದು ದಯವಿಟ್ಟು ತಿಳಿಸಿ.

ವಿಜ್ಞಾನ ಶಿಕ್ಷಕ: ನಾನು ಮೂರು ವರ್ಷಗಳಿಂದ ಜಿಂಪ್ ಎಂಬ ಉಚಿತ ಫೋಟೊ ಎಡಿಟಿಂಗ್ ತಂತ್ರಾಂಶದಲ್ಲಿಯೇ ಕಲಿಸುತ್ತಿದ್ದೇನೆ. ಮೊದಲ ವರ್ಷ ಮೊಬೈಲಿನ ಫೋಟೊಗಳನ್ನು ಹಾಗೆಯೇ ತೆರೆಯಲು ಬಿಟ್ಟದ್ದು ನನ್ನ ತಪ್ಪು. 4000 × 3000 ಪಿಕ್ಸೆಲ್ ಚಿತ್ರದ ಒಂದೊಂದು ಲೇಯರ್ (ಒಂದರ ಮೇಲೊಂದು ಕೂರುವ ಪದರ) ಸುಮಾರು 48 ಎಂಬಿ ಬೇಡುತ್ತದೆ. ಐದಾರು ಲೇಯರ್ ಸೇರುವಷ್ಟರಲ್ಲಿ 2 ಜಿಬಿ ರ‍್ಯಾಮ್‌ನ ಯಂತ್ರಗಳು ನಿಂತೇ ಹೋಗುತ್ತಿದ್ದವು. ತಲಾ 1,450ರಂತೆ ಆರು ಯಂತ್ರಗಳಿಗೆ 8,700 ರೂಪಾಯಿ ಕೈಯಿಂದ ಹಾಕಿ ರ‍್ಯಾಮ್ ಹೆಚ್ಚಿಸಿದೆ. ಆ ಹಣ ಇಂದಿಗೂ ಬಂದಿಲ್ಲ. ಫೋಟೊಗಳನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ಕೊಟ್ಟಿದ್ದರೆ ಲೇಯರ್ ಒಂದಕ್ಕೆ 5 ಎಂಬಿಯೂ ಬೇಕಾಗುತ್ತಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಖಾಸಗಿ ಶಾಲೆಯ ಶಿಕ್ಷಕಿ: ಉಚಿತವೆಂಬ ಒಂದೇ ಕಾರಣಕ್ಕೆ ಜಿಂಪ್ ಕಲಿಸಿದರೆ, ನಾಳೆ ಪ್ರೆಸ್ಸಿಗೋ ಸ್ಟುಡಿಯೊಗೋ ಕೆಲಸಕ್ಕೆ ಸೇರುವ ಮಕ್ಕಳು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಚಂದಾ ಕಟ್ಟಿಯಾದರೂ ಫೋಟೊಶಾಪ್ ಕಲಿಸೋಣವೆಂದು ಆಡಳಿತ ಮಂಡಳಿಯನ್ನು ಒಪ್ಪಿಸಲು ಎರಡು ವರ್ಷ ಅಲೆದಿದ್ದೇನೆ. ಕಳೆದ ವಾರ್ಷಿಕೋತ್ಸವದ ಆಮಂತ್ರಣವನ್ನು ನನ್ನ ವಿದ್ಯಾರ್ಥಿನಿಯೇ ಸಿದ್ಧಪಡಿಸಿದಳು.

ವಿಜ್ಞಾನ ಶಿಕ್ಷಕ: ಮೇಡಂ, ಕಾರಣ ಉಚಿತವೆಂಬುದೊಂದೇ ಅಲ್ಲ. ನಮ್ಮೂರಿನ ಪ್ರೆಸ್ಸಿನಲ್ಲಿ ಫೋಟೊಶಾಪ್ ಬಳಸಿ, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಸಂಕೇತದ) ಅಕ್ಷರ ಹಾಕಿ ಮಾಡಿಸಿದ ಬ್ಯಾನರಿನಲ್ಲಿ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ನಿಂತಿದ್ದವು. ಜಿಂಪ್‌ನಲ್ಲಿ ಕನ್ನಡ ಹಾಗೆ ಒಡೆದದ್ದನ್ನು ನಾನು ಕಂಡಿಲ್ಲ.

ಖಾಸಗಿ ಶಾಲೆಯ ಶಿಕ್ಷಕಿ: ಸರ್, ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಒತ್ತದವರ ತಪ್ಪನ್ನು ತಂತ್ರಾಂಶದ ತಲೆಗೆ ಕಟ್ಟಬೇಡಿ. ನುಡಿ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಫಾಂಟ್ ಬಳಸುವುದೂ ತಪ್ಪಲ್ಲ. ನಮ್ಮ ಪ್ರೆಸ್ಸಿನವರು ಇಂದಿಗೂ ಅದನ್ನೇ ಕೇಳುತ್ತಾರೆ.

ಚಿತ್ರಕಲಾ ಶಿಕ್ಷಕ: ಮೌಸ್ ಹಿಡಿಸುವ ಮುಂಚಿನ ವಾರದ ಮಾತನ್ನು ನೀವಿಬ್ಬರೂ ಎತ್ತಲೇ ಇಲ್ಲ. ನಾನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳಲ್ಲಿ ಒಂದರ ಮೇಲೆ ಗುಡ್ಡ, ಇನ್ನೊಂದರ ಮೇಲೆ ಮರ, ಮತ್ತೊಂದರ ಮೇಲೆ ಹೆಸರು ಬರೆಸಿ, ಒಂದರ ಮೇಲೊಂದು ಇಡಿಸುತ್ತೇನೆ. ಮರದ ಹಾಳೆಯನ್ನು ಜರುಗಿಸಿದರೂ ಗುಡ್ಡ ಅಲುಗದಿರುವುದನ್ನು ಕಂಡ ಮಗುವಿಗೆ ಲೇಯರ್ ಎಂದರೇನೆಂದು ಬೇರೆ ಹೇಳಬೇಕಿಲ್ಲ. ಆದರೂ ಮೂರು ವಾರದ ಕೆಲಸವನ್ನು ಲೇಯರ್ ಉಳಿಸದ ಜೆಪಿಇಜಿ ಕಡತ ಮಾಡಿ ಮುಚ್ಚಿದ 14 ಮಕ್ಕಳ ಲೇಯರ್‌ಗಳೆಲ್ಲ ಒಂದಾಗಿ ಹೋದವು. ಒಬ್ಬಳಂತೂ ಊಟಕ್ಕೂ ಏಳದೆ ಅತ್ತಳು.

ವಿಜ್ಞಾನ ಶಿಕ್ಷಕ: ಅದು ನಿಮ್ಮ ಅಜಾಗರೂಕತೆ ಸರ್. 2012ರ 2.8 ಆವೃತ್ತಿಯಿಂದ ಜಿಂಪ್‌ನಲ್ಲಿ ಸೇವ್ ಎಂದರೆ ಲೇಯರ್‌ಗಳನ್ನು ಬೇರೆಬೇರೆಯಾಗಿಯೇ ಉಳಿಸುವ ಎಕ್ಸ್‌ಸಿಎಫ್ ಕಡತ ಮಾತ್ರ. ಅದನ್ನು ಮಾಡದೆ ಮುಚ್ಚಹೋದರೆ ಎಚ್ಚರಿಕೆ ಬರುತ್ತದೆ.

ಚಿತ್ರಕಲಾ ಶಿಕ್ಷಕ: ಬಂತು, ಇಂಗ್ಲಿಷಿನಲ್ಲಿ ಬಂತು. ಕನ್ನಡ ಮಾಧ್ಯಮದ ನನ್ನ ಮಕ್ಕಳು ಓದಲಾಗದೆ ಯಾವುದೋ ಗುಂಡಿ ಒತ್ತಿದರು. ಈಗ ಆ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದು ಪ್ರತಿ ಮಾನಿಟರಿಗೂ ಅಂಟಿಸಿದ್ದೇನೆ. ಗಂಟೆ ಹೊಡೆಯುವ ಐದು ನಿಮಿಷ ಮುಂಚೆ ಒಂದೊಂದು ಪರದೆಯ ಬಳಿಗೂ ನಾನೇ ಹೋಗಿ ನೋಡುತ್ತೇನೆ.